ಸೂತಕವಿಲ್ಲದ ಮನೆಗೆ ಬಂದ ಬುತ್ತಿ

ನನಗೆ ಎಲೆ ಅಡಿಕೆಯ ಅಭ್ಯಾಸವಿಲ್ಲ. ಹಲ್ಲುಗಳೂ ದೇವರ ದಯದಿಂದ ಮುಕ್ಕಾಲು ಪಾಲು ಇನ್ನೂ ಬಾಯಲ್ಲಿಯೇ ಇವೆ. ಹಾಗಿದ್ದರೂ ನಮ್ಮ ಮನೆಯ ಗೋಡೆಯ ಗೂಡಿನಲ್ಲಿ ಒಂದು ಕುಟ್ಟಾಣಿ ಕುಳಿತಿದೆ. ಹಲ್ಲು ಹೋದ ಮುದುಕರು ಎಲೆ, ಅಡಿಕೆ, ಸುಣ್ಣವನ್ನು ಒಟ್ಟಿಗೆ ಹಾಕಿ ನುಣ್ಣಗೆ ಕುಟ್ಟಿಕೊಳ್ಳುವ, ಗೇಣುದ್ದವೂ ಇಲ್ಲದ ಕಬ್ಬಿಣದ ಕೊಳವೆ ಅದು. ಜೊತೆಗೆ ಒಂದು ಪುಟ್ಟ ಹಾರೆಯಂಥ ಕಡ್ಡಿ. ಖಾಲಿ ಕುಟ್ಟಾಣಿ ಕುಟ್ಟಿದರೆ ಮನೆಯಲ್ಲಿ ಜಗಳವಾಗುತ್ತದೆ ಎಂದು ಅಕ್ಕ ಹೇಳುತ್ತಿದ್ದಳು. ಜಗಳವಾಡುವುದಕ್ಕೆ ಈಗ ಈ ಮನೆಯಲ್ಲಿ ಎರಡನೆಯವರಿಲ್ಲ. ಆ ಧೈರ್ಯದ ಮೇಲೆ ಮೊನ್ನೆ ಮಧ್ಯಾಹ್ನ ಅದನ್ನು ತೆಗೆದು ಎರಡು ಸಲ ಕುಟ್ಟಿ ನೋಡಿದೆ. ಟಣ್ ಟಣ್ ಎಂದಿತು. ಎದುರು ಮನೆಯ ವೆಂಕಟಮ್ಮ ಬಾಗಿಲಿಗೆ ಬಂದು, "ಏಮಿ ಮೇಷ್ಟ್ರೇ, ನೀವೂ ಶುರು ಹಚ್ಕೊಂಡ್ರಾ?" ಎಂದವಳು ನನ್ನ ಮುಖ ನೋಡಿ ಒಳಗೆ ಬಂದು ಕಂಬಕ್ಕೊರಗಿ ಕುಳಿತಳು. ಅರ್ಧ ಗಂಟೆ ಕುಳಿತಿದ್ದು, ಸೆರಗು ಕೊಡವಿಕೊಂಡು ಎದ್ದು ಹೋದಳು.

ಅಕ್ಕ ಈ ಮಾಘದಲ್ಲಿ ತೀರಿಕೊಂಡಳು. ಅವಳ ಹೆಸರು ಮುನಿಯಮ್ಮ. ನನಗಿಂತ ಹನ್ನೆರಡು ವರ್ಷಕ್ಕೆ ದೊಡ್ಡವಳು. ನನ್ನನ್ನು ಹೆತ್ತವಳು ನನಗೆ ನೆನಪಿಲ್ಲ, ನೆನಪಿರುವುದೆಲ್ಲ ಅಕ್ಕನೇ. ಮದುವೆಯಾಗಿ ಮುಳಬಾಗಿಲ ಕಡೆಗೆ ಹೋದವಳು ಎರಡೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡು ಹದಿನೆಂಟರ ಹುಡುಗಿಯಾಗಿ ಯಲ್ದೂರಿಗೆ ವಾಪಸು ಬಂದಳು. ಆಗ ನನಗೆ ಆರು ವರ್ಷ. ಅಂದಿನಿಂದ ಈ ಮಾಘದ ತನಕ ನನ್ನ ತಟ್ಟೆಗೆ ಬಿದ್ದ ಮುದ್ದೆಯೆಲ್ಲ ಅವಳೇ ತಿರುವಿದ್ದು. ನಡುವೆ ನನಗೂ ಮದುವೆಯಾಯಿತು, ಆಕೆಯೂ ಮೂರನೆಯ ವರ್ಷ ಹೋದಳು. ಮಿಕ್ಕವರು ನಾವಿಬ್ಬರೇ.

ನಾನು ಶ್ರೀನಿವಾಸಪುರದಲ್ಲಿ ಲೋವರ್ ಸೆಕೆಂಡರಿ ಪಾಸು ಮಾಡಿ ನಮ್ಮೂರ ಶಾಲೆಯಲ್ಲೇ ಮೂವತ್ತು ವರ್ಷ ಮಗ್ಗಿ ಹೇಳಿಸಿದವನು. ಅದಕ್ಕಿಂತ ಹೆಚ್ಚಿನ ವಿದ್ಯೆ ನನಗಿಲ್ಲ. ದುಃಖವನ್ನು ಚೆನ್ನಾಗಿ ಬರೆಯಲು ಬೇಕಾದ ಮಾತು ನನ್ನ ಹತ್ತಿರವಿಲ್ಲ. ಬರೆಯಲು ಕುಳಿತರೆ ಅಕ್ಕನ ಸಾವಿಗಿಂತ ಹೆಚ್ಚಾಗಿ, ಅವಳು ಅದಕ್ಕೆ ಮುಂಚೆ ಒಂದು ಸಲ ಹೊರಟು ನಿಂತು ವಾಪಸು ಬಂದದ್ದೇ ಕಣ್ಣ ಮುಂದೆ ಬರುತ್ತದೆ. ಅದನ್ನೇ ಬರೆಯುತ್ತೇನೆ.

ಈ ಕುಟ್ಟಾಣಿ ಅಕ್ಕನದಲ್ಲ. ಜೈನಾಬಿಯದು. ನಮ್ಮ ಹಿಂದಿನ ಬೀದಿಯಲ್ಲಿ ಮಾವಿನ ತೋಪು ಗುತ್ತಿಗೆಗೆ ಹಿಡಿಯುತ್ತಿದ್ದ ಸಾಬರ ಮನೆಯೊಂದಿದೆ; ಆ ಮನೆಯ ಯಜಮಾನಿ ಆಕೆ. ಅಕ್ಕನ ವಯಸ್ಸಿನವಳೇ. ಬೇಸಗೆ ಬಂತೆಂದರೆ ನಮ್ಮ ಕಡೆ ಹುಣಸೆಹಣ್ಣು ಬಡಿಯುವ ಕಾಲ. ಓಡು ತೆಗೆದು, ನಾರು ಬಿಡಿಸಿ, ಬೀಜ ಬೇರೆ ಮಾಡುವ ಕೆಲಸ ಒಬ್ಬರೇ ಕೂತು ಮಾಡುವಂಥದ್ದಲ್ಲ, ಮಾಡಿದರೆ ಹುಚ್ಚು ಹಿಡಿಯುತ್ತದೆ. ನಮ್ಮ ಜಗಲಿ ತಣ್ಣಗಿದೆ ಎಂದು ಜೈನಾಬಿ ತನ್ನ ಮರದ ಹುಣಸೆಯನ್ನೂ ಇಲ್ಲಿಗೇ ಹೊತ್ತು ತರುತ್ತಿದ್ದಳು. ನಾನು ಶಾಲೆಯಿಂದ ಬಂದರೆ ಇಬ್ಬರ ಕೈಗಳೂ ಮೊಣಕೈವರೆಗೆ ಕಂದು ಬಣ್ಣ. ನನ್ನ ಪಾಲಿಗೆ ಹುರಿದು ನೆನೆಹಾಕಿದ ಹುಣಸೆ ಬೀಜ. ಜೈನಾಬಿ ಅದನ್ನು ಕೊಡುವಾಗ, "ಒಂದೊಂದೇ ತಿನ್ನೋ ಸೀನಾ, ಎಲ್ಲಾ ಒಂದೇ ಸಲ ಬಾಯಿಗೆ ಹಾಕೊಂಡ್ರೆ ದವಡೆ ಕಳಚ್ಕೊಂಡು ಸ್ಕೂಲಲ್ಲಿ ಬಿದ್ದೋಗುತ್ತೆ" ಎನ್ನುವಳು. ಪಾಠ ಓದುವಾಗ ದವಡೆ ಬಿದ್ದರೆ ಮೇಷ್ಟ್ರಿಗೆ ಏನು ಹೇಳುವುದೆಂದು ನಾನು ಎಷ್ಟೋ ದಿನ ಹೆದರಿದ್ದೆ. ಮುಂದೆ ನಾನೇ ಮೇಷ್ಟ್ರಾದ ಮೇಲೆ ಆ ಮಾತನ್ನು ನನ್ನ ಹುಡುಗರಿಗೂ ಹೇಳಿ ಹೆದರಿಸಿದ್ದೇನೆ. ಅದು ಎಷ್ಟು ಸರಿಯೋ ತಿಳಿಯದು.

ಹುಣಸೆ ಕಾಲ ಮುಗಿದರೂ ಜೈನಾಬಿ ಬರುವುದು ನಿಲ್ಲುತ್ತಿರಲಿಲ್ಲ. ಇಬ್ಬರಿಗೂ ವಯಸ್ಸಾಗಿ ಹಲ್ಲು ಹೋದ ಮೇಲೆ ಕುಟ್ಟಾಣಿ ಬಂತು. ಎಲೆ ಆಕೆಯದು, ಅಡಿಕೆ ಅಕ್ಕನದು. ಆ ಮನೆಯಲ್ಲಿ ಬೇಯಿಸಿದ್ದನ್ನು ನಮ್ಮವರು ಮುಟ್ಟಬಾರದು. ಹಣ್ಣು, ಎಲೆ, ಅಡಿಕೆಗೆ ದೋಷವಿಲ್ಲ. ಇದು ಅಕ್ಕ ತಾನೇ ಬರೆದುಕೊಂಡಿದ್ದ ಶಾಸ್ತ್ರ. ಊರೂ ಒಪ್ಪಿಕೊಂಡಿತ್ತು.

ಯುದ್ಧದ ಕಾಲದಲ್ಲಿ ಒಂದು ಆಷಾಢದ ಕೊನೆಗೆ ಜೈನಾಬಿ ಮೂರು ದಿನದ ಜ್ವರಕ್ಕೆ ಹೋಗಿಬಿಟ್ಟಳು. ಅಕ್ಕ ಹೋಗಿ ಆ ಮನೆಯ ಹೆಂಗಸರ ನಡುವೆ ಕುಳಿತಿದ್ದು, ಹೆಣ ಹೊತ್ತ ಸಂದೂಕು ಬೀದಿಯ ತಿರುವು ದಾಟಿದ ಮೇಲೆ ಮನೆಗೆ ಬಂದು ತಲೆಗೆ ನೀರು ಹಾಕಿಕೊಂಡಳು. ಒಲೆ ಹಚ್ಚಿದಳು. ಮುದ್ದೆ ತಿರುವಿದಳು. ನಾನು ಉಂಡೆ. ಸಾವಾದ ಮನೆಯಲ್ಲಿ ಒಲೆ ಹಚ್ಚಬಾರದು, ನೆಂಟರು ನೆರೆಯವರು ಬುತ್ತಿ ತರಬೇಕು. ಅದು ನಮ್ಮ ಕಡೆಯ ಪದ್ಧತಿ. ಆದರೆ ಇದು ನಮ್ಮ ಮನೆಯ ಸಾವಲ್ಲವಲ್ಲ. ರಕ್ತವಿಲ್ಲ, ಕುಲವಿಲ್ಲ, ಸೂತಕವಿಲ್ಲ. ಹಾಗೆಂದು ನಾನು ಯೋಚಿಸಿ ಉಣ್ಣಲಿಲ್ಲ, ಯೋಚಿಸದೆಯೇ ಉಂಡೆ.

ಮಾರನೆಯ ದಿನದಿಂದ ಅಕ್ಕನ ಮಾತು ಕಡಿಮೆಯಾಯಿತು. ಮೊದಲು "ಹೂಂ", "ಊಹೂಂ" ಇತ್ತು. ಶ್ರಾವಣ ಮುಗಿಯುವ ಹೊತ್ತಿಗೆ ಅದೂ ಹೋಯಿತು. ಕೆಲಸವೆಲ್ಲ ನಡೆಯುತ್ತಿತ್ತು. ಗುಡಿಸುವಳು, ನೀರು ತರುವಳು, ಬೇಯಿಸುವಳು. ತನಗೆಂದು ತಿರುವಿಕೊಳ್ಳುವ ಮುದ್ದೆ ಮಾತ್ರ ವಾರವಾರಕ್ಕೂ ಕುಗ್ಗುತ್ತ ಬಂದು ನಿಂಬೆಹಣ್ಣಿನಷ್ಟಾಯಿತು. ಕುಟ್ಟಾಣಿ ಅಂದಿನಿಂದ ಗೂಡಿನಲ್ಲಿ ಕೂತದ್ದು ಕೂತೇ ಇತ್ತು. ಜೈನಾಬಿಯ ಮಗ ಖಾದರ್ ಅದನ್ನು ಕೇಳಲು ಬರಲಿಲ್ಲ, ಅಕ್ಕ ಕೊಡಲು ಹೋಗಲಿಲ್ಲ.

ನಾನೇನು ಸುಮ್ಮನಿರಲಿಲ್ಲ. ಮೂವತ್ತು ವರ್ಷ ಬುದ್ಧಿ ಹೇಳಿದ ಬಾಯಿ ಸುಮ್ಮನಿರುತ್ತದೆಯೇ? ಹುಟ್ಟಿದವರೆಲ್ಲ ಒಂದು ದಿನ ಹೋಗಲೇಬೇಕು ಎಂದು ಆಕೆಯನ್ನು ಎದುರಿಗೆ ಕೂರಿಸಿಕೊಂಡು ವಿವರಿಸಿದೆ. ಏಳೆಂಟ್ಲ ಐವತ್ತನಾಲ್ಕು ಎಂದ ಹುಡುಗನನ್ನು ನಾನು ನೋಡುತ್ತಿದ್ದ ಹಾಗೆ ಅಕ್ಕ ನನ್ನನ್ನು ನೋಡಿದಳು. ಮನಸ್ಸು ಬೇರೆ ಕಡೆ ತಿರುಗಲಿ ಎಂದು ಪೇಪರು ತರಿಸಿ ಗಟ್ಟಿಯಾಗಿ ಓದಿದೆ. ಪೇಪರಿನ ತುಂಬ ಬಾಂಬು. ಮಾತು ಬಿಟ್ಟ ಹೆಂಗಸಿಗೆ ಬಾಂಬಿನ ಸುದ್ದಿ ಓದಿ ಸಮಾಧಾನ ಮಾಡಲು ಹೊರಟ ಜಾಣ ಇಡೀ ಕೋಲಾರ ಜಿಲ್ಲೆಯಲ್ಲಿ ನಾನೊಬ್ಬನೇ ಇರಬೇಕು.

ಶ್ರೀನಿವಾಸಪುರದ ಡಾಕ್ಟರ ಹತ್ತಿರವೂ ಕರೆದುಕೊಂಡು ಹೋದೆ. ಪೆಟ್ರೋಲಿಗೆ ಬರವಿದ್ದ ಕಾಲ. ಬಸ್ಸಿನ ಹಿಂದೆ ಹಂಡೆಯಂಥದ್ದೊಂದನ್ನು ಕಟ್ಟಿ ಇದ್ದಿಲು ಉರಿಸಿ ಓಡಿಸುತ್ತಿದ್ದರು. ಏರು ಬಂದಾಗ ಗಂಡಸರೆಲ್ಲ ಇಳಿದು ತಳ್ಳಬೇಕು. ಹಾಗೆ ತಳ್ಳಿ, ಮುಖಕ್ಕೆ ಮಸಿ ಮೆತ್ತಿಕೊಂಡು ನಾನು ವಾಪಸು ಬಂದು ಪಕ್ಕದಲ್ಲಿ ಕುಳಿತಾಗ ಅಕ್ಕ ಸೆರಗಿನಿಂದ ನನ್ನ ಕೆನ್ನೆ ಒರೆಸಿದಳು. ನಗುತ್ತಾಳೇನೋ ಎಂದು ನೋಡಿದೆ. ನಗಲಿಲ್ಲ. ಡಾಕ್ಟರು ನಾಡಿ ನೋಡಿ, "ವಯಸ್ಸಾಯ್ತಲ್ಲ ಮೇಷ್ಟ್ರೇ" ಎಂದು ಕೆಂಪು ಮಿಕ್ಸ್ಚರು ಕೊಟ್ಟರು. ಬಾಟ್ಲಿಗೆ ಹಲ್ಲುಹಲ್ಲಾಗಿ ಕತ್ತರಿಸಿದ ಕಾಗದದ ಪಟ್ಟಿ ಅಂಟಿಸಿತ್ತು, ಹೊತ್ತಿಗೊಂದು ಹಲ್ಲು ಕುಡಿಯಬೇಕೆಂದು. ಅಕ್ಕ ತಪ್ಪದೆ ಕುಡಿದಳು. ಬಾಟ್ಲಿ ಖಾಲಿಯಾಯಿತು, ಅಷ್ಟೆ.

ಅಕ್ಕ ಹೋಗುತ್ತಿದ್ದಾಳೆ ಎಂದು ನನಗೆ ಗೊತ್ತಾಗುತ್ತಿತ್ತು. ಯಾವ ಕಡೆಯಿಂದ ಹಿಡಿದು ನಿಲ್ಲಿಸಬೇಕೆಂದು ಮಾತ್ರ ಗೊತ್ತಾಗುತ್ತಿರಲಿಲ್ಲ.

ಆಗ ಒಂದು ದಿನ ವೆಂಕಟಮ್ಮ ಮೊರ ವಾಪಸು ಕೊಡಲು ಬಂದಳು. ಆಕೆ ರಾಯಲ್ಪಾಡಿನ ಕಡೆಯವಳು. ಮನೆಮಾತು ತೆಲುಗು, ಬೀದಿಮಾತು ಕನ್ನಡ, ಸಿಟ್ಟು ಬಂದರೆ ಎರಡೂ. ಅಕ್ಕ ಹಿತ್ತಲಲ್ಲಿದ್ದಳು. ವೆಂಕಟಮ್ಮ ಮೊರವನ್ನು ಗೋಡೆಗೆ ಒರಗಿಸಿ, ದನಿ ತಗ್ಗಿಸಿ ಕೇಳಿದಳು:

"ಅಲ್ಲ ಮೇಷ್ಟ್ರೇ, ಜೈನಾಬಿ ಸತ್ತಾಗ ನಿಮ್ಮನೆಗೆ ಬುತ್ತಿ ಯಾರು ತಂದ್ರು?"

"ನಮಗ್ಯಾಕೆ ತರ್ತಾರೆ ವೆಂಕಟಮ್ಮ? ನಮಗೇನು ಸೂತಕವೇ?"

"ಅದೇ ನಾನೂ ಕೇಳ್ತಿರೋದು. ನನ್ನ ಓರಗಿತ್ತಿ ಸತ್ತಾಗ ನಮ್ಮನೆಗೆ ಹತ್ತು ದಿನ ಬುತ್ತಿ ಬಂತು. ಆಕೆಗೂ ನಂಗೂ ಹನ್ನೆರಡು ವರ್ಷ ಮಾತಿರ್ಲಿಲ್ಲ. ಹೊಟ್ಟೆ ತುಂಬಾ ಉಂಡೆ ನಾನು, ಸುಳ್ಳ್ಯಾಕೆ. ಈಯಮ್ಮ ನಲವತ್ತೈದು ವರ್ಷ ಆಕೆ ಜೊತೆ ಒಂದೇ ಜಗಲೀಲಿ ಕೂತಿದ್ದೋಳು. ಆವತ್ತು ತಾನೇ ಒಲೆ ಹಚ್ಚಿ ನಿಮಗೆ ಮುದ್ದೆ ತಿರುವಿದ್ಲು. ನೀವು ಉಂಡ್ರಿ."

"ಉಂಡೆ" ಎಂದೆ.

"ಉಂಡ್ರಿ" ಎಂದು ಇನ್ನೊಂದು ಸಲ ಹೇಳಿ ಹೊರಟು ಹೋದಳು.

ಮಾರನೆಯ ದಿನ ಮಧ್ಯಾಹ್ನ ವೆಂಕಟಮ್ಮ ಬಟ್ಟೆ ಮುಚ್ಚಿದ ಪಾತ್ರೆ ಹಿಡಿದು ಬಂದಳು. ಕುಂಕುಮವನ್ನೂ ಅಳಿಸಿ, ತಲೆಯ ಮೇಲೆ ಸೆರಗು ಹೊದ್ದು, ಸಾವಿನ ಮನೆಗೆ ಬರುವ ಹಾಗೆಯೇ ಬಂದಳು. ನೇರವಾಗಿ ಅಡಿಗೆಮನೆಗೆ ಹೋಗಿ ಅಕ್ಕ ಹಚ್ಚಿದ್ದ ಒಲೆಗೆ ನೀರು ಚಿಮುಕಿಸಿದಳು. ಚುಂಯ್ ಎಂದಿತು. ಅಕ್ಕ ಬೆಚ್ಚಿ ನೋಡಿದಳು. ವೆಂಕಟಮ್ಮ ಏನನ್ನೂ ವಿವರಿಸಲಿಲ್ಲ. ತಟ್ಟೆ ತಾನೇ ಹುಡುಕಿ, ಮುದ್ದೆ, ಹುರುಳಿಕಾಳು ಸಾರು ಬಡಿಸಿ ಅಕ್ಕನ ಮುಂದಿಟ್ಟು, "ಒಂದು ತುತ್ತು ನನ್ನೆದುರಿಗೆ ಉಣ್ಣಬೇಕು" ಎಂದಳು. ಬುತ್ತಿ ತಂದವರು ಹೇಳುವ ಮಾತು ಅದು. ಅಕ್ಕ ಪಾತ್ರೆಯನ್ನು ನೋಡಿದಳು, ಬರಿಯ ಹಣೆಯನ್ನು ನೋಡಿದಳು, ಸತ್ತ ಒಲೆಯನ್ನು ನೋಡಿದಳು. ಅವಳಿಗೆ ಅರ್ಥವಾಯಿತು. ಒಂದು ತುತ್ತು ಮುರಿದಳು. ನಿಧಾನವಾಗಿ ಇನ್ನೊಂದು ಮುರಿದಳು.

ಆಮೇಲೆ ದಿನಕ್ಕೊಂದು ಮನೆ. ಗಾಣದವರು ತಂದರು, ಮೂಲೆ ಮನೆಯವರು ತಂದರು. ಬಂದವರು ಬಡಿಸುವರು, ಕೂರುವರು, ಹೋಗುವರು. "ಎಷ್ಟು ದಿನ ತರ್ತೀರಿ?" ಎಂದು ನಾನು ವೆಂಕಟಮ್ಮನನ್ನು ಗುಟ್ಟಾಗಿ ಕೇಳಿದೆ.

"ಗಂಡ ಸತ್ರೆ ಇಷ್ಟು, ಅತ್ತೆ ಸತ್ರೆ ಇಷ್ಟು ಅಂತ ಲೆಕ್ಕ ಐತೆ. ಗೆಳತಿ ಸತ್ರೆ ಎಷ್ಟು ಅಂತ ನಿಮ್ಮ ಪುಸ್ತಕದಾಗೆ ಏನಾನಾ ಬರ್ದಿದ್ರೆ ನೋಡಿ ಹೇಳಿ. ಇಲ್ದಿದ್ರೆ ಆಯಮ್ಮ ಬಾಯಿ ಬಿಡೋವರ್ಗೂ ತರ್ತೀವಿ."

ನಮ್ಮ ಬೀದಿಯ ಹೆಂಗಸರಿಗೆ ಇದೆಲ್ಲ ತಿಳಿದಿತ್ತು. ಬೀದಿಯ ಆಚೆಗೆ ತಿಳಿದಿರಲಿಲ್ಲ. ಶ್ರೀನಿವಾಸಪುರದ ಸಂತೆಯಲ್ಲಿ ಯಾರೋ ನಮ್ಮೂರಿನವನನ್ನು, "ಮೇಷ್ಟ್ರ ಮನೆ ಕಡೆ ಎಲ್ಲ ಚೆನ್ನಾಗವ್ರಾ?" ಎಂದು ಕೇಳಿದರಂತೆ. ಅವನು ಸುಳ್ಳು ಹೇಳುವವನಲ್ಲ. "ಅವರ ಮನೆಗೆ ಬುತ್ತಿ ಹೋಗ್ತಾ ಐತೆ" ಎಂದನಂತೆ. ಅಷ್ಟೇ ಸಾಕು. ನಮ್ಮ ಮನೆಯಲ್ಲಿರುವುದು ಇಬ್ಬರು. ನಾನು ಅದೇ ಸಂತೆಯಲ್ಲಿ ಬದನೆಕಾಯಿ ಆರಿಸುತ್ತಿದ್ದುದನ್ನು ಜನ ನೋಡಿದ್ದರು. ಉಳಿದವಳು ಯಾರು? ಸುದ್ದಿ ಮೂರೇ ದಿನದಲ್ಲಿ ಮಾಲೂರು ಮುಟ್ಟಿತು.

ಮಾಲೂರಿನಲ್ಲಿ ನಮ್ಮ ಚಿಕ್ಕಪ್ಪನ ಮಗಳು ಗಂಗಮ್ಮ ಇದ್ದಳು. ಹಾಡಿಕೊಂಡು ಅಳುವುದರಲ್ಲಿ ಅವಳನ್ನು ಮೀರಿಸುವವರು ನಮ್ಮ ನಂಟರಲ್ಲಿ ಯಾರೂ ಇಲ್ಲ. ಸತ್ತವರ ಗುಣ, ಕೆಲಸ, ಊಟ, ಉಡುಗೆ ಒಂದೊಂದನ್ನೂ ಹಾಡಿನಲ್ಲಿ ಎತ್ತಿ ಅವಳು ಅಳುತ್ತಿದ್ದರೆ, ಸತ್ತವರ ಸಾಲಗಾರರೂ ಕಣ್ಣೊರೆಸಿಕೊಳ್ಳುತ್ತಿದ್ದರು. ಗಂಗಕ್ಕ ಮಾಲೂರಿನಲ್ಲಿ ದೊಡ್ಡ ರೈಲು ಹತ್ತಿ, ಬೌರಿಂಗ್‌ಪೇಟೆಯಲ್ಲಿ ಇಳಿದು ಚಿಕ್ಕ ರೈಲು ಹಿಡಿದು, ಶ್ರೀನಿವಾಸಪುರದಿಂದ ಎತ್ತಿನ ಗಾಡಿ ಮಾಡಿಕೊಂಡು, ಕಿವಿ ಮಂದವಾದ ಗಂಡನ ಜೊತೆ ಬುತ್ತಿಯ ಒಂಬತ್ತನೆಯ ದಿನ ನಮ್ಮ ಬೀದಿಗೆ ಬಂದಿಳಿದಳು. ಭಾವನ ಕಂಕುಳಲ್ಲಿ ಹೆಣದ ಮೇಲೆ ಹೊದಿಸಲು ತಂದ ಹೊಸ ಸೀರೆ.

ಮನೆ ಕಣ್ಣಿಗೆ ಬಿದ್ದ ಕೂಡಲೇ ಶುರು ಮಾಡಬೇಕು ಎಂಬುದು ಅಳುವವರ ನಿಯಮ. ಗಂಗಕ್ಕ ಬೀದಿಯ ಮೂಲೆಯಲ್ಲೇ ಜಡೆ ಬಿಚ್ಚಿ, ಎದೆ ಬಡಿದುಕೊಂಡು ರಾಗ ತೆಗೆದಳು:

"ಅವರೆ ಬೇಳೆ ಹಿತಕೋಕೆ ಕೂತರೆ ಏಳದ ನನ್ನಕ್ಕಾ,
ಹತ್ತು ಜನ ಬಂದರೂ ಹಂಚಿ ಉಣಿ‌ಸಿದ ನನ್ನಕ್ಕಾ,
ಯಾರೊಬ್ಬರ ಮೇಲೂ ಬಿರುಸು ಮಾತಾಡದ ನನ್ನಕ್ಕಾ..."

ಅಕ್ಕ ನಡುಮನೆಯಲ್ಲಿ ಕಂಬಕ್ಕೊರಗಿ ಕುಳಿತಿದ್ದಳು. ಆ ದಿನದ ಬುತ್ತಿ ತಂದ ಗಾಣದ ಮನೆಯಾಕೆಯೂ ವೆಂಕಟಮ್ಮನೂ ಪಕ್ಕದಲ್ಲಿದ್ದರು. ನಾನು ಗಾಬರಿಯಿಂದ ಎದ್ದೆ; ವೆಂಕಟಮ್ಮ ನನ್ನ ಪಂಚೆ ಹಿಡಿದು ಕೂರಿಸಿದಳು. ಗಂಗಕ್ಕ ಹೊಸ್ತಿಲಿಗೆ ಬಂದು, ಕಣ್ಣು ಮುಚ್ಚಿ, ಹಣೆಯನ್ನು ಬಾಗಿಲ ಚೌಕಟ್ಟಿಗೆ ಇಟ್ಟು ಮೂರನೆಯ ಸಾಲನ್ನು ಇನ್ನೊಂದು ಸಲ ಎಳೆದಳು. ಬಿರುಸು ಮಾತಾಡದ ನನ್ನಕ್ಕಾ...

"ಅದು ಸುಳ್ಳು ಕಣೇ ಗಂಗಿ" ಎಂದಳು ಅಕ್ಕ. ಒಂದೂವರೆ ತಿಂಗಳು ಮುಚ್ಚಿದ್ದ ಬಾಯಿ. ದನಿ ಬಾವಿಯ ರಾಟೆಯ ಹಾಗೆ ಕಿರುಗುಟ್ಟಿತು. "ನಿಂಗೇ ಎಷ್ಟು ಬೈದಿದೀನಿ ನಾನು."

ಗಂಗಕ್ಕ ಕಣ್ಣು ಬಿಟ್ಟಳು. "ಅಯ್ಯೋ ನಮ್ಮವ್ವಾ!" ಎಂದು ಜಗಲಿಯಿಂದ ಬೀದಿಗೆ ಹಾರಿದಳು. ಭಾವನಿಗೆ ಇದೊಂದೂ ಕೇಳಿಸಿರಲಿಲ್ಲ. ಅವನು ಸೀರೆಯನ್ನು ಎದೆಗೊತ್ತಿಕೊಂಡು, ತಲೆ ತಗ್ಗಿಸಿ, ಶ್ರದ್ಧೆಯಿಂದ ಅಳುತ್ತಲೇ ಇದ್ದ.

ಹೆದರಿಕೆ ಇಳಿದ ಮೇಲೆ ಗಂಗಕ್ಕನಿಗೆ ಸಿಟ್ಟು ಬಂತು. "ಎಲ್ಡು ರೈಲು ಹತ್ತಿ ಇಳ್ದು, ಸೊಂಟ ಮುರ್ಕೊಂಡು ಬಂದಿದೀನಿ. ಸತ್ತಿಲ್ವಾ ನೀನು?"

"ಏನ್ಮಾಡ್ಲೇ? ಆಗ್ಲಿಲ್ಲ."

"ಮತ್ತೆ ಬುತ್ತಿ ಯಾರಿಗೆ ಬರ್ತಿರೋದು?"

ಅಕ್ಕ ಗೂಡಿನ ಕುಟ್ಟಾಣಿಯ ಕಡೆ ನೋಡಿದಳು. ವೆಂಕಟಮ್ಮ ಎಲ್ಲವನ್ನೂ ಹೇಳಿದಳು. ಗಂಗಕ್ಕ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ ಕೇಳಿದಳು. ಮತ್ತೆ ಅಕ್ಕನ ಬಾಯಿ ಮುಚ್ಚಿಕೊಳ್ಳುತ್ತದೆಯೋ ಎಂದು ನನಗೆ ಜೀವ ಹಾರುತ್ತಿತ್ತು.

"ಗಂಗಿ" ಎಂದಳು ಅಕ್ಕ. "ಹೆಂಗಿದ್ರೂ ಬಂದಿದೀಯ. ಅವಳಿಗೆ ಅಳು."

"ಯಾರಿಗೆ? ಆ ಸಾಬರ ಹೆಂಗಸಿಗಾ?"

"ಅವಳಿಗೆ ಯಾರೂ ಹಾಡ್ಕೊಂಡು ಅಳ್ಲಿಲ್ಲ. ನಂಗೆ ಹಾಡೋಕೆ ಬರೋದಿಲ್ಲ."

ಗಂಗಕ್ಕ ಒಲ್ಲೆನೆನ್ನುತ್ತಾಳೆ ಎಂದುಕೊಂಡೆ. ಆದರೆ ಅವಳು ಬಡಗಿ ಮರ ನೋಡುವ ಹಾಗೆ ಅಕ್ಕನ ಮುಖ ನೋಡಿ, ಚಕ್ಕಳಮಕ್ಕಳ ಹಾಕಿ ಕುಳಿತಳು. "ನಾನು ಕಣ್ಣಲ್ಲಿ ಕಾಣ್ದೋಳಿಗೆ ಹೆಂಗೆ ಅಳ್ಲಿ? ಹೇಳು. ಹೆಂಗಿದ್ಲು?"

"ಹೆಂಗೋ ಇದ್ಲು. ಕುಳ್ಳಿ."

"ಕುಳ್ಳಿ ಅಂತ ಹಾಡೋಕಾಗುತ್ತಾ? ಕೈ ಹೆಂಗಿತ್ತು? ಏನು ಉಡ್ತಿದ್ಲು? ಯಾವುದಕ್ಕೆ ನಗ್ತಿದ್ಲು, ಯಾವುದಕ್ಕೆ ಸಿಟ್ಟು ಬರ್ತಿತ್ತು?"

ಅಕ್ಕ ಹೇಳತೊಡಗಿದಳು. ಮೊದಲು ಒಂದೊಂದೇ ಪದ. ಆಮೇಲೆ ಪದಕ್ಕೆ ಪದ ಸೇರಿತು. ಎಡಗೈ ಹೆಬ್ಬೆರಳು ಕೊಡಲಿ ಏಟಿಗೆ ಸೊಟ್ಟಗಾಗಿದ್ದದ್ದು. ನಗು ಬಂದರೆ ಬಾಯಿಗೆ ಸೆರಗು ತುರುಕಿಕೊಳ್ಳುತ್ತಿದ್ದದ್ದು. ಕೋತಿ ಕಂಡರೆ ಬೈಯುತ್ತಿದ್ದದ್ದು, ಬೈದ ಮೇಲೆ ಅದಕ್ಕೇ ಒಂದು ಮಾವಿನಕಾಯಿ ಎಸೆಯುತ್ತಿದ್ದದ್ದು. ಆಮೇಲೆ ಅಕ್ಕ, ನಾನು ಹಿಂದೆಂದೂ ಕೇಳದ ಒಂದು ಮಾತು ಹೇಳಿದಳು.

"ಅವರು ಹೋಗಿ ನಾನು ಈ ಮನೆಗೆ ವಾಪಸ್ ಬಂದೆನಲ್ಲ, ಆವಾಗ್ಲೂ ನನಗೆ ಹಿಂಗೇ ಮಾತು ನಿಂತೋಗಿತ್ತು. ದಿನಾ ಬಾವಿ ಕಟ್ಟೆ ಮೇಲೆ ಹೋಗಿ ಕೂತ್ಕೊಳ್ತಿದ್ದೆ. ಇವಳು ನೋಡಿದ್ಲು. ಮಾತಾಡು ಅಂತ ಒಂದು ದಿನಾನೂ ಅನ್ಲಿಲ್ಲ. ಮಂಕರಿ ತುಂಬಾ ಹುಣಸೆಹಣ್ಣು ತಂದು ನನ್ನ ಮುಂದೆ ಸುರ್ದು, ಒಬ್ಬಳಿಗೇ ಆಗಲ್ಲ ಕಣಕ್ಕಾ ಅಂದ್ಲು. ಮೂರು ತಿಂಗಳು ಬಡಿದ್ವಿ. ಎಷ್ಟೋ ದಿನ ಆದ್ಮೇಲೆ ಗೊತ್ತಾಯ್ತು, ಅವಳ ಮರದ್ದು ಎಂಟೇ ದಿನಕ್ಕೆ ಮುಗಿದಿತ್ತು. ಊರೋರ ಹಣ್ಣೆಲ್ಲಾ ಬಡೀತೀನಿ ಅಂತ ಹೊತ್ಕೊಂಡು ಬರ್ತಿದ್ಲು."

ನಮ್ಮ ಜಗಲಿ ತಣ್ಣಗಿದೆ ಎಂದು ಆಕೆ ಬರುತ್ತಿದ್ದಳೆಂದು ನಾನು ಅಷ್ಟು ವರ್ಷವೂ ನಂಬಿದ್ದೆ. ಆರು ವರ್ಷದವನು ನಂಬಿದ್ದನ್ನು ಐವತ್ತರಲ್ಲೂ ನಂಬಿಕೊಂಡಿರುವ ಮೇಷ್ಟ್ರುಗಳು ಇರುತ್ತಾರೆ.

"ಸಾರು ಹೆಂಗ್ಮಾಡ್ತಿದ್ಲು?" ಗಂಗಕ್ಕ ಬಿಡಲಿಲ್ಲ. "ಊಟದ ಮಾತಿಲ್ದೆ ಅಳು ಏಳೋದಿಲ್ಲ."

"ಬದನೆಕಾಯಿಗೆ ಹುಣಸೆಹುಳಿ ಹಿಂಡಿ..."

ಅಷ್ಟರಲ್ಲಿ ಜಗಲಿಯ ಕೊನೆಯಿಂದ ಒಂದು ದನಿ ಬಂತು. "ಹುಣಸೆ ಅಲ್ಲ ದೊಡ್ಡಮ್ಮಾ. ಅಮ್ಮ ಒಣಗ್ಸಿದ ಮಾವಿನಕಾಯಿ ಹಾಕೋರು." ಗಲಾಟೆ ಕೇಳಿ ಖಾದರ್ ಯಾವಾಗ ಬಂದು ನಿಂತಿದ್ದನೋ ಯಾರೂ ನೋಡಿರಲಿಲ್ಲ.

"ಹುಣಸೆ ಕಣೋ" ಎಂದಳು ಅಕ್ಕ.

"ನಮ್ಮನೇಲಿ ಹುಣಸೆ ಹಾಕೋದೇ ಇಲ್ಲ ದೊಡ್ಡಮ್ಮಾ. ನಾನು ದಿನಾ ಉಂಡಿದೀನಿ."

"ನಾನೇನು ಉಂಡಿಲ್ವೇನೋ?"

ಮಾತು ಹೊರಗೆ ಬಿದ್ದಿತು. ಅಕ್ಕನ ಕೈ ತಾನಾಗಿಯೇ ಬಾಯಿಗೆ ಹೋಯಿತು. ಹಣ್ಣು, ಎಲೆ, ಅಡಿಕೆಯ ಶಾಸ್ತ್ರವನ್ನು ಊರಿಗೆಲ್ಲ ಹೇಳಿಕೊಟ್ಟವಳು! ನಾನು ಶಾಲೆಗೆ ಹೋದ ಎಷ್ಟು ಮಧ್ಯಾಹ್ನಗಳು ಹಾಗೆ ನಡೆದಿದ್ದವೋ. ಗಾಣದ ಮನೆಯಾಕೆ ಸೂರಿನ ತೊಲೆಗಳನ್ನು ನೋಡತೊಡಗಿದಳು. ವೆಂಕಟಮ್ಮನ ಕಣ್ಣಿಗೆ ಧೂಳು ಬಿತ್ತು. ಖಾದರ್ ತಪ್ಪು ಮಾಡಿದವನ ಹಾಗೆ ತಲೆ ಬಗ್ಗಿಸಿದ.

ಗಂಗಕ್ಕನೇ ಕಾಪಾಡಿದಳು. "ಹುಣಸೇನೋ, ಮಾವಿನಕಾಯೋ, ಹುಳಿ ಇತ್ತು ತಾನೆ? ಹುಳಿ ಅಂತ ಹಾಡ್ತೀನಿ. ನಂಗೆ ಬೇರೇನೂ ಕೇಳಿಸ್ಲಿಲ್ಲ, ನಿಮ್ಮ ಭಾವನ ಜೊತೆ ಇದ್ದು ಇದ್ದು ನಂಗೂ ಕಿವಿ ಮಂದ ಆಗೈತೆ" ಎಂದು ಜಡೆ ಬಿಚ್ಚಿದಳು. ಆಮೇಲೆ ಖಾದರನ ಕಡೆ ತಿರುಗಿ, "ಅಳ್ಲೇನಪ್ಪಾ?" ಎಂದಳು.

"ಕೂಗಿ ಅಳ್ಬಾರ್ದು ಅಂತಾರೆ ನಮ್ಮ ದೊಡ್ಡೋರು" ಎಂದ ಖಾದರ್. ಆಮೇಲೆ, "ಮೆಲ್ಲಗೆ ಅಳೀಮ್ಮಾ" ಎಂದು ಜಗಲಿಯ ಮೇಲೆ ಕುಳಿತುಕೊಂಡ.

ಗಂಗಕ್ಕ ಮೆಲ್ಲಗೆ ಹಾಡಿದಳು. ಅಷ್ಟು ಮೆಲ್ಲಗೆ ಅವಳು ಹಾಡಿದ್ದನ್ನು ನಾನು ಬೇರೆ ಯಾವ ಸಾವಿನಲ್ಲೂ ಕೇಳಿಲ್ಲ. ಸೊಟ್ಟ ಹೆಬ್ಬೆರಳು ಬಂತು, ಕೋತಿ ಬಂತು, ಎಂಟು ದಿನದ ಹಣ್ಣನ್ನು ಮೂರು ತಿಂಗಳು ಬಡಿದದ್ದು ಬಂತು. ಅದು ಬಂದಾಗ ಅಕ್ಕ ಅತ್ತಳು. ಆಷಾಢದಲ್ಲಿ ಅಳಬೇಕಾಗಿದ್ದನ್ನು ಆಶ್ವೀಜದಲ್ಲಿ ಅತ್ತಳು.

ಇದಾದ ಮೇಲೆ ಅಕ್ಕ ನಾಲ್ಕು ವರ್ಷ ಚೆನ್ನಾಗಿ ಬದುಕಿದಳು. ಮೊದಲಿನ ಹಾಗೆಯೇ ಆದಳು ಎಂದರೆ ಸುಳ್ಳಾಗುತ್ತದೆ. ಆದರೆ ಮಾತಾಡಿದಳು, ಬೈದಳು, ಮುದ್ದೆಯ ಗಾತ್ರ ಹಿಂದಕ್ಕೆ ಬಂತು. ಭಾವ ತಂದಿದ್ದ ಸೀರೆಯನ್ನು, "ಬಂದ ಲಕ್ಷ್ಮೀನ ಯಾರಾನಾ ಹಿಂದಕ್ಕೆ ಕಳಿಸ್ತಾರಾ?" ಎಂದು ತಾನೇ ಉಟ್ಟು ಹರಿದಳು. ಈ ನಾಲ್ಕು ವರ್ಷ ನನಗೆ ಕೊಟ್ಟವರು ಡಾಕ್ಟರಲ್ಲ, ನನ್ನ ಬುದ್ಧಿಮಾತಂತೂ ಅಲ್ಲ. ನಾಲ್ಕೈದು ಮನೆಯ ಹೆಂಗಸರು. ಅವರಲ್ಲಿ ಯಾರಿಗೂ ಓದಲು ಬಾರದು. ನಾನು ಇದನ್ನು ಬರೆದದ್ದೂ ಅವರಿಗೆ ತಿಳಿಯುವುದಿಲ್ಲ. ಈ ಮಾಘದಲ್ಲಿ ಸೂತಕ ನಿಜವಾಗಿ ನನಗೇ ಬಂದಾಗ ಅವರೇ ಬಂದು ಬಡಿಸಿ, ಒಂದು ತುತ್ತು ಎದುರಿಗೆ ಉಣ್ಣಿಸಿದರು. ಹತ್ತು ದಿನ ಎಂದೋ ಕಳೆಯಿತು. ವೆಂಕಟಮ್ಮ ಇನ್ನೂ ಬಂದು ಕಂಬಕ್ಕೊರಗಿ ಕೂರುತ್ತಾಳೆ. ಎಷ್ಟು ದಿನ ಎಂದು ಈ ಸಲ ನಾನು ಕೇಳಿಲ್ಲ.

ಗಂಗಕ್ಕ ಅತ್ತ ಮರುದಿನ ನಡೆದದ್ದನ್ನೂ ಬರೆದುಬಿಡುತ್ತೇನೆ.

ಮಧ್ಯಾಹ್ನದ ಹೊತ್ತಿಗೆ ಖಾದರ್ ಬಂದ. ಕೈಯಲ್ಲಿ ಬಟ್ಟೆ ಮುಚ್ಚಿದ ಪಾತ್ರೆ. ಬೀದಿಯ ಎರಡೂ ಕಡೆ ಬಾಗಿಲುಗಳಲ್ಲಿ ಜನ. ಅವನು ಪಾತ್ರೆಯನ್ನು ಕೈಗೆ ಕೊಡಬೇಕೋ ಜಗಲಿಯ ಮೇಲೆ ಇಡಬೇಕೋ ತಿಳಿಯದೆ ನಿಂತ. ನನಗೂ ತಿಳಿಯಲಿಲ್ಲ; ನಾನು ಕನ್ನಡಕ ಒರೆಸಿಕೊಂಡೆ.

"ಕೈಗೆ ಕೊಡೋ" ಎಂದಳು ಅಕ್ಕ. ಜಗಲಿಯ ಮೇಲೆಯೇ, ಎಲ್ಲರಿಗೂ ಕಾಣುವ ಹಾಗೆ, ಎರಡು ತಟ್ಟೆ ತಂದಿಟ್ಟಳು.

ಖಾದರ್ ನಿಂತಲ್ಲಿಂದಲೇ ಹೇಳಿದ: "ನಿನ್ನೆ ಮನೇಲಿ ಹೋಗಿ ಕೇಳ್ದೆ ದೊಡ್ಡಮ್ಮಾ. ನೀವು ಹೇಳಿದ್ದೇ ಸರಿ. ನಮಗೆಲ್ಲಾ ಮಾವಿನಕಾಯಿ ಹಾಕಿ, ನೀವು ಬರೋ ದಿನ ಬೇರೆ ಸಣ್ಣ ಗಡಿಗೇಲಿ ಹುಣಸೆ ಹಾಕಿ ಮಾಡೋರಂತೆ. ಮಾವಿನಕಾಯಿ ತಿಂದ್ರೆ ನಿಮಗೆ ಕೆಮ್ಮು ಬರುತ್ತೆ ಅಂತ. ನಿಮಗೆ ಹೇಳ್ಬಾರ್ದು ಅಂದಿದ್ರಂತೆ, ಹೇಳಿದ್ರೆ ನನ್ನಿಂದ ಎರಡೆರಡು ಅಡಿಗೆ ಆಗುತ್ತೆ ಅಂತ ನೀವು ಬರೋದೇ ಬಿಟ್ಬಿಡ್ತೀರಿ ಅಂತ. ನನ್ನ ಹೆಂಡ್ತಿಗೆ ಗೊತ್ತಿತ್ತು. ಇದು ಹುಣಸೇದು."

ಅಕ್ಕ ಬಟ್ಟೆ ತೆಗೆದಳು. ಬಹಳ ಹೊತ್ತು ಪಾತ್ರೆಯೊಳಗೆ ನೋಡುತ್ತ ಕುಳಿತಿದ್ದಳು. ಆಮೇಲೆ ನನ್ನ ತಟ್ಟೆಗೆ ಬಡಿಸಿದಳು, ತನ್ನ ತಟ್ಟೆಗೆ ಬಡಿಸಿಕೊಂಡಳು. ಒಂದು ತುತ್ತು ಸಾರಿನಲ್ಲಿ ಅದ್ದಿ ಬಾಯಿಗಿಟ್ಟು, ಹಲ್ಲಿಲ್ಲದ ಒಸಡಿನಲ್ಲಿ ನಿಧಾನವಾಗಿ ಹೊರಳಿಸಿ ನುಂಗಿದಳು. ನಾನೂ ಉಂಡೆ.

"ಉಪ್ಪು ಕಮ್ಮಿ ಕಣೋ ಖಾದ್ರು" ಎಂದಳು. "ನಾಳೆ ನೋಡ್ಕೊಂಡು ಹಾಕು ಅಂತ ಹೇಳು ಅವಳಿಗೆ."